ಕಯೋಳಿಗೆ ಕಂಠ ಕೊಟ್ಟ ವರ್ಷಗಳು

ನಮ್ಮ ಮನೆಯ ಫೋನನ್ನು ನಾನು ಎತ್ತಿದರೆ ಆ ಕಡೆಯವರು ಮೊದಲು ಕೇಳುತ್ತಿದ್ದದ್ದು, "ಪುಟ್ಟೀ, ಮನೇಲಿ ದೊಡ್ಡೋರು ಯಾರಾದ್ರೂ ಇದಾರಾಮ್ಮ?" ಎಂದು. ಆಗ ನನಗೆ ನಲವತ್ತು ದಾಟಿತ್ತು. ಮಗಳು ಕಾಲೇಜು ಮುಗಿಸುತ್ತಿದ್ದಳು. ಗ್ಯಾಸ್ ಸಿಲಿಂಡರಿನವರು, ವಿಮೆಯವರು, ಯಜಮಾನರ ಸ್ನೇಹಿತರು ಎಲ್ಲರದೂ ಇದೇ ಪ್ರಶ್ನೆ. ತಿದ್ದಲು ಸಂಕೋಚವಾಗಿ ನಾನು "ಇದಾರೆ, ಇರಿ" ಎನ್ನುತ್ತಿದ್ದೆ. ರಿಸೀವರನ್ನು ಸೆರಗಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿಕೊಂಡಿದ್ದು, ಆಮೇಲೆ ಗಂಟಲು ದಪ್ಪ ಮಾಡಿಕೊಂಡು ನಾನೇ ದೊಡ್ಡವಳಾಗಿ ಮಾತಾಡುತ್ತಿದ್ದೆ. ಎರಡು ವಯಸ್ಸಿನಲ್ಲಿ ಮಾತಾಡುವ ಈ ಅಭ್ಯಾಸ ಮುಂದೊಂದು ದಿನ ನನ್ನ ಕೆಲಸವಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಈಚೆಗೆ ಡಬ್ಬಿಂಗ್ ಕೆಲಸಕ್ಕೆ ಬರಬೇಕೆಂಬ ಮಕ್ಕಳು ಮೈಸೂರಿನ ಶ್ರೀರಾಂಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಯಾವ ಮೈಕು, ಯಾವ ಹೆಡ್‌ಫೋನು ಎಂದು ಕೇಳುತ್ತಾರೆ. ನನಗೆ ಅದು ಅಷ್ಟಾಗಿ ಗೊತ್ತಿಲ್ಲ. ಗೊತ್ತಿರುವುದು ಕಯೋ ಎಂಬ ಒಬ್ಬಳು ಹುಡುಗಿ. ಅವಳ ಜೊತೆ ಕಳೆದ ವರ್ಷಗಳನ್ನು ಹೇಳಿದರೆ ಈ ಕೆಲಸ ಎಂಥದ್ದು ಎಂಬುದು ತಾನಾಗಿ ಬರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ಸ್ಟುಡಿಯೋಗೆ ನಾನು ಮೊದಲು ಹೋದದ್ದು ಅಂಧ ಮಕ್ಕಳಿಗೆ ಪಾಠದ ಪುಸ್ತಕ ಓದಿ ಕೊಡಲು. ಒಂಟಿಕೊಪ್ಪಲಿನಲ್ಲಿ ಪುಟ್ಟಸ್ವಾಮಿ ಎಂಬುವರ ಮನೆಯ ಮಹಡಿಯಲ್ಲಿ ಆ ಸ್ಟುಡಿಯೋ. ಅವರು ಹಳ್ಳಿ ನಾಟಕಗಳಿಗೆ ಮೈಕ್ ಸೆಟ್ ಕಟ್ಟುತ್ತಾ ಬೆಳೆದವರು. ಧ್ವನಿ ಹಿಡಿಯುವುದೂ ಅವರೇ, ಹೀಗೆ ಹೇಳಿ ಹಾಗೆ ಹೇಳಿ ಎಂದು ನಿರ್ದೇಶಿಸುವುದೂ ಅವರೇ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಮೇಲೆ ಕಂಬಳಿ ಹೊಡೆದಿದ್ದರು. ಕೆಳಗಡೆ ಅವರ ಹೆಂಡತಿ ಕುಕ್ಕರ್ ಇಟ್ಟರೆ ಅದು ಕೂಗಿ ಮುಗಿಯುವವರೆಗೆ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ನಾನು ಸಮಾಜ ವಿಜ್ಞಾನದ ಪಾಠ ಓದುತ್ತಿದ್ದಾಗ ಅವರು ಗಾಜಿನ ಆಚೆಯಿಂದ ಒಂದು ದಿನ ಕೇಳಿದರು:

"ಅಮ್ಮಾವ್ರೆ, ಒಂದ್ ಜಪಾನಿ ಕಾರ್ಟೂನ್ ಬಂದದೆ. ಕನ್ನಡಕ್ಕೆ ಮಾಡ್ಬೇಕು. ಅದ್ರಲ್ಲಿ ಹದಿನೈದ್ ವರ್ಷದ್ ಹುಡುಗಿ. ಒಂದ್ ಕೈ ನೋಡ್ತೀರಾ?"

"ನನ್ನ ವಯಸ್ಸು ನೋಡಿ ಪುಟ್ಟಸ್ವಾಮಿಯವರೆ."

"ಮೈಕ್‌ಗೆ ಕಣ್ಣಿಲ್ಲ ಬುಡಿ ಅಮ್ಮಾವ್ರೆ."

ಕಥೆ ಇಷ್ಟು. ಹಳೆಯ ಕಾಲದ ಜಪಾನಿನಲ್ಲಿ ಕತ್ತಿಗೆ ಸಾಣೆ ಹಿಡಿಯುವವನೊಬ್ಬನ ಮಗಳು ಕಯೋ. ದೊರೆಯ ಕಡೆಯ ಸಮುರಾಯ್ ಯೋಧರು ಅವಳ ಅಪ್ಪನನ್ನು ಕಟ್ಟಿಕೊಂಡು ಹೋಗುತ್ತಾರೆ. ಅವಳು ಕೆಲಸ ಕಳೆದುಕೊಂಡ ಒಬ್ಬ ಮುದುಕ ಸಮುರಾಯನನ್ನು ಜೊತೆಗೆ ಹೊರಡಿಸಿಕೊಂಡು ಅಪ್ಪನನ್ನು ಹುಡುಕುತ್ತಾ ಊರೂರು ಅಲೆಯುತ್ತಾಳೆ. ಮುದುಕನಿಗೆ ದಾರಿಯುದ್ದಕ್ಕೂ ನಿದ್ದೆ, ಇವಳಿಗೆ ದಾರಿಯುದ್ದಕ್ಕೂ ಜಗಳ. ತನಗಿಂತ ಎರಡರಷ್ಟು ದೊಡ್ಡವರ ಎದುರು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ. ನೋಡಿದ ಮೊದಲ ದಿನವೇ ನನಗೆ ಅವಳು ಇಷ್ಟವಾಗಿಬಿಟ್ಟಳು. ನಾನು ಯಾರ ಎದುರೂ ಹಾಗೆ ನಿಂತವಳಲ್ಲ.

ಮೊದಲ ತೊಂದರೆ ಬಂದದ್ದು ಬಳೆಯಿಂದ. ಕೈ ಅಲ್ಲಾಡಿದರೆ ಗಾಜಿನ ಬಳೆ ಮೈಕಿಗೆ ಕೇಳುತ್ತದೆ. ಹದಿನೈದರ ಸಾಣೆಯವನ ಮಗಳ ಕೈಯಲ್ಲಿ ಡಜನ್ ಬಳೆ ಎಲ್ಲಿಂದ ಬರಬೇಕು? ಪುಟ್ಟಸ್ವಾಮಿ "ತೆಗ್ದಿಟ್‌ಬುಡಿ" ಎಂದರು. ಮನೆಗೆ ಬಂದು ಅತ್ತೆಯವರ ಕಿವಿಗೆ ಹಾಕಿದೆ. ನನ್ನ ಅತ್ತೆ ಹಳ್ಳಿಯವರು, ಹೊಲ ಗದ್ದೆ ಮಾಡಿಸಿದವರು, ನನ್ನ ಹಾಗೆ ಮೆಲುದನಿಯವರಲ್ಲ.

"ಬಳೆ ತಗ್ಯಾದಾ? ಬ್ಯಾಡ ಕಣವ್ವ. ಗಂಡ ಕಲ್ಗುಂಡಿನಂಗ್ ಕುಂತವ್ನೆ ಮನೇಲಿ. ಸದ್ದಾಗ್ಬಾರ್ದು ತಾನೆ? ಇರು."

ಮಾರನೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಮ್ಮ ಹಳೆಯ ನೂಲಿನ ಸೀರೆಯ ಮೆತ್ತಗಿನ ತುಂಡಿನಿಂದ ಎರಡು ತೋಳು ಹೊಲಿದಿಟ್ಟಿದ್ದರು. ಮಣಿಕಟ್ಟಿನಿಂದ ಮೊಣಕೈವರೆಗೆ, ಎರಡೂ ತುದಿಗೆ ದಾರ. ಬಳೆಗಳ ಮೇಲೆ ಅದನ್ನು ಏರಿಸಿ ಕಟ್ಟಿದರೆ ಒಂದು ಚೂರು ಸದ್ದಿಲ್ಲ. ಅದನ್ನು ಕಟ್ಟಿಕೊಂಡು ನಿಂತ ನನ್ನನ್ನು ನೋಡಿ ಪುಟ್ಟಸ್ವಾಮಿ, "ನೀವೂ ಯುದ್ಧಕ್ಕೆ ಒಂಟಂಗದೆ" ಎಂದರು. ನಿಜ, ಕಯೋ ಕೂಡ ಮಣಿಕಟ್ಟಿಗೆ ಅಂಥದ್ದೇ ಬಟ್ಟೆ ಸುತ್ತುತ್ತಿದ್ದಳು.

ಬಳೆ ಸರಿಹೋಯಿತು, ಗಂಟಲು ಸರಿಹೋಗಲಿಲ್ಲ. ಮೊದಲ ಸಂಚಿಕೆಯಲ್ಲೇ, ಅಪ್ಪನನ್ನು ಕಟ್ಟಿಕೊಂಡು ಹೋಗುವಾಗ, ಕಯೋ ಬೆಟ್ಟದ ಅಂಚಿಗೆ ಓಡಿಬಂದು "ಅಪ್ಪಾ" ಎಂದು ಕೂಗುತ್ತಾಳೆ. ಒಂದೇ ಮಾತು. ಉಳಿದದ್ದೆಲ್ಲ ನನ್ನ ಬಾಯಲ್ಲಿ ಚೆನ್ನಾಗಿ ಬಂತು. ಇದೊಂದು ಬರಲಿಲ್ಲ. ಬೆಳಿಗ್ಗೆಯಿಂದ ಕೂಗಿ ಕೂಗಿ ಸುಸ್ತಾದೆ.

"ಅಮ್ಮಾವ್ರೆ, ಅಪ್ಪನ್ನ ಕಟ್ಕಂಡ್ ಓಯ್ತಾವ್ರೆ. ನೀವು ಊಟಕ್ಕೆ ಕರ್ದಂಗ್ ಕರೀತಾ ಇದ್ದೀರಿ."

"ಜೋರಾಗೇ ಕರೆದೆನಲ್ಲ."

"ಜೋರಲ್ಲ ಅದು, ಮರ್ಯಾದೆ."

ಕಾರ್ಯಕ್ರಮದ ಜವಾಬ್ದಾರಿ ಹೊತ್ತ ಮುಂಬೈಯ ಮೇಡಂ ಒಬ್ಬರಿದ್ದರು. ಕನ್ನಡ ಬಾರದಿದ್ದರೂ ಕನ್ನಡದ ಕೂಗು ಸರಿಯೋ ತಪ್ಪೋ ಎಂದು ಅವರಿಗೆ ಗೊತ್ತಾಗುತ್ತಿತ್ತು. ನನ್ನ ತುಣುಕುಗಳನ್ನು ಕೇಳಿ, ಸೋಮವಾರದೊಳಗೆ ಆ ಒಂದು ಕೂಗು ಬರದಿದ್ದರೆ ಬೇರೆಯವರನ್ನು ನೋಡುವುದಾಗಿ ಹೇಳಿ ಕಳಿಸಿದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಪ್ಪ ನಂಜನಗೂಡಿನ ಕಡೆಯ ರೈತನ ಮಗ, ಪಟ್ಟಣಕ್ಕೆ ಬಂದು ಗುಮಾಸ್ತರಾದವರು. ಮಗಳು ಸಿಸ್ಟರುಗಳ ಹತ್ತಿರ ಕಲಿಯಲಿ ಎಂದು ಆಸೆಪಟ್ಟವರು. ಕಾರಿಡಾರಿನಲ್ಲಿ ಸಾಲಾಗಿ ನಡೆ, ಬಾಗಿಲನ್ನು ಸದ್ದಾಗದಂತೆ ಮುಚ್ಚು, ಕರೆದರೆ ಹತ್ತಿರ ಹೋಗಿ ಉತ್ತರ ಕೊಡು, ದೂರದಿಂದ ಕೂಗಬೇಡ. ಹನ್ನೆರಡು ವರ್ಷ ಹೀಗೆ ತೀಡಿದ ಧ್ವನಿ ನನ್ನದು. ಆ ಭಾನುವಾರ ಬಟ್ಟೆ ಮಡಿಸುತ್ತಾ ಇದನ್ನೇ ಯಜಮಾನರಿಗೆ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, "ಹಾಗಾದ್ರೆ ನೀನು ಥ್ರೋಬಾಲ್ ಕ್ಯಾಪ್ಟನ್ ಆಗಿದ್ದೆ ಅಂತ ನಿಮ್ಮ ತಂಗಿ ಹೇಳಿದ್ದು ಸುಳ್ಳಾ?" ಎಂದರು.

ಮಡಿಸುತ್ತಿದ್ದ ಟವೆಲ್ ಕೈಯಲ್ಲೇ ಉಳಿಯಿತು. ಆಟದ ಸಿಸ್ಟರನ್ನು ನಾನು ಮರೆತೇಬಿಟ್ಟಿದ್ದೆ. ಬಿಳಿಯ ಉದ್ದ ಉಡುಪಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪು ಮಣ್ಣಿನ ಅಂಗಳದಲ್ಲಿ ನಮ್ಮ ಜೊತೆ ಓಡುತ್ತಿದ್ದವರು. ಚೆಂಡು ಇಬ್ಬರ ನಡುವೆ ಬಂದಾಗ ಒಬ್ಬಳು ತನ್ನದೆಂದು ಕೂಗಲೇಬೇಕು. ಕೂಗದಿದ್ದರೆ ಇಬ್ಬರೂ ಹಿಂದೆ ಸರಿದು ಚೆಂಡು ನೆಲಕ್ಕೆ ಬೀಳುತ್ತದೆ. ನಾನು ಮೆಲ್ಲಗೆ ಹೇಳಿದರೆ ಅವರು ಗೆರೆಯ ಆಚೆಯಿಂದ, "ನಿರ್ಮಲಾ, ಗಂಟಲಿನಿಂದ ಕೂಗಬೇಡ, ಪಾದದಿಂದ ಕೂಗು" ಎನ್ನುತ್ತಿದ್ದರು. ಕಾನ್ವೆಂಟು ನನಗೆ ಸುಮ್ಮನಿರುವುದನ್ನು ಮಾತ್ರ ಕಲಿಸಿತ್ತು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆನಲ್ಲ.

ಸೋಮವಾರ ಮೈಕಿನ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿಸಿ, ಎರಡು ಕೈ ಎದೆಯ ಎತ್ತರಕ್ಕೆ, ಚೆಂಡು ಹಿಡಿಯುವವಳ ಹಾಗೆ. ತೆರೆಯ ಮೇಲೆ ಕಯೋ ಓಡಿಬಂದಳು. ಕೂಗು ನನ್ನ ಪಾದದಿಂದಲೇ ಬಂತು. ಆಮೇಲೆ ಗಾಜಿನ ಆಚೆ ಪುಟ್ಟಸ್ವಾಮಿ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡರು. ಕೆಳಗಿನಿಂದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು, "ಯಾರ್‌ಗ್ ಏನಾಯ್ತ್ರೀ?" ಎಂದು ಕೇಳಿದರು.

ಮುಂಬೈಯಿಂದ ಒಪ್ಪಿಗೆ ಬಂತು. ಆ ದಿನ ಸ್ಕೂಟರಿನಲ್ಲಿ ಮನೆಗೆ ಬರುತ್ತಾ ಒಂದು ಆಸೆ ಇಟ್ಟುಕೊಂಡೆ. ಈ ಹುಡುಗಿ ತನ್ನ ಅಪ್ಪನನ್ನು ಹುಡುಕಿ ಮುಟ್ಟುವವರೆಗೆ ಅವಳ ಬಾಯಲ್ಲಿ ನಾನೇ ಇರಬೇಕು. ಕೊನೆಯ ಮಾತಿನವರೆಗೆ.

ಸಂಚಿಕೆಗಳು ಟೀವಿಯಲ್ಲಿ ಬರತೊಡಗಿದಾಗ ಮನೆಯಲ್ಲಿ ಮೊದಲು ನೋಡಿದವರು ಅತ್ತೆ. ಸಂಜೆ ದೀಪ ಹಚ್ಚಿ ಬಂದು ಕೂತವರಿಗೆ ಕಯೋಳ ಜಗಳ ಕಣ್ಣಿಗೆ ಬಿತ್ತು.

"ಯಾರ್ ಮನೆ ಮಗಳವ್ವ ಅದು? ಇಂಗ್ ಬಾಯ್ ಮಾಡ್ತಳೆ."

"ಅತ್ತೆ, ಅದು ನಾನು."

"ನೀನಾ? ಸುಮ್ಕಿರು. ಹಾಲಿನವ್ನ ಕೂಗಾಕೂ ನನ್ನೇ ಕರ್ಯೋಳು ನೀನು."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರ ಪಕ್ಕದಲ್ಲೇ ಕೂತು ಮೆಲ್ಲಗೆ ಕಯೋಳ ಎರಡು ಮಾತು ಹೇಳಿ ತೋರಿಸಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ ವರ್ಷ ಎಲ್ಲಿ ಮಡಗಿದ್ದೆ ಇದ್ನ?" ಎಂದರು. ಆಮೇಲೆ ಒಂದು ಸಂಚಿಕೆಯನ್ನೂ ಬಿಟ್ಟವರಲ್ಲ. ಕಿವಿ ಎಷ್ಟು ಚುರುಕಾಯಿತೆಂದರೆ, "ಇವತ್ತು ಆ ಮಗೀಗೆ ಶೀತ ಆಗದೆ, ನೀನು ಮೊಸರು ತಿಂದ್‌ಬುಟ್ಟು ಓಗಿದ್ದೆ" ಎಂದು ಹೇಳುವಷ್ಟು. ನಿಜಕ್ಕೂ ತಿಂದಿರುತ್ತಿದ್ದೆ. ರೆಕಾರ್ಡಿಂಗ್ ದಿನ ಮೊಸರು, ಹುಳಿ, ಐಸ್ ನೀರು ಮುಟ್ಟಬಾರದೆಂದು ನಾನು ಹೊಸಬರಿಗೆ ಹೇಳುವುದು ಅತ್ತೆಯವರ ಆ ಕಿವಿಯನ್ನು ನೆನೆದುಕೊಂಡೇ.

ತುಟಿಗೆ ಮಾತು ಹೊಂದಿಸುವುದೇ ಡಬ್ಬಿಂಗ್ ಎಂದು ಎಲ್ಲರೂ ತಿಳಿಯುತ್ತಾರೆ. ತುಟಿ ಒಂದು ವಾರದಲ್ಲಿ ಒಲಿಯುತ್ತದೆ. ನಾನು ನೋಡುತ್ತಿದ್ದದ್ದು ಕೈಗಳನ್ನು. ಕಯೋ ಸುಳ್ಳು ಹೇಳುವ ಮುಂಚೆ ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಚಿತ್ರ ಬರೆದವರು ಯಾರೋ ಪುಣ್ಯಾತ್ಮರು, ಪ್ರತಿ ಸಲವೂ ತಪ್ಪದೆ ಬರೆದಿದ್ದರು. ನಮಗೆ ಬರುತ್ತಿದ್ದ ಕನ್ನಡ ಮಾತಿನ ಹಾಳೆಯಲ್ಲಿ ಅದು ಇರುತ್ತಿರಲಿಲ್ಲ. ಒಂದು ಸಂಚಿಕೆಯಲ್ಲಿ ಅವಳು ಮುದುಕ ಸಮುರಾಯನಿಗೆ "ನನಗೆ ಹಸಿವಿಲ್ಲ, ನೀನು ತಿನ್ನು" ಎನ್ನುತ್ತಾಳೆ. ನಾನು ಸೀದಾ ಹೇಳಿ ಮುಗಿಸಿದ್ದೆ. ಮತ್ತೆ ನೋಡಿದಾಗ ಹೆಬ್ಬೆರಳು ಒಳಗಿತ್ತು. ಪುಟ್ಟಸ್ವಾಮಿಯವರಿಗೆ ನಿಲ್ಲಿಸಲು ಹೇಳಿ ಇನ್ನೊಂದು ಸಲ ಹೇಳಿದೆ, ಹಸಿದವಳು ಹೇಳುವ ಹಾಗೆ, ಸ್ವಲ್ಪ ಬೇಗ. ಮಾತು ಅದೇ, ತುಟಿಯೂ ಅದೇ. ಆದರೆ ಪುಟ್ಟಸ್ವಾಮಿ ಆ ದಿನ ಕೆಳಗೆ ಹೋಗಿ ನನಗೆ ಒಂದು ತಟ್ಟೆ ಉಪ್ಪಿಟ್ಟು ತಂದುಕೊಟ್ಟರು.

ತಪ್ಪುಗಳೂ ಆದವು. ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆ ಮುಗಿಸಿ ಉಟ್ಟ ರೇಷ್ಮೆ ಸೀರೆಯಲ್ಲೇ ಸ್ಟುಡಿಯೋಗೆ ಹೋದೆ. ನೂಲಿನ ಸೀರೆ ಬಿಟ್ಟು ಬೇರೆ ಉಡಬಾರದೆಂಬುದು ನಿಯಮ, ರೇಷ್ಮೆ ಸರಬರ ಎನ್ನುತ್ತದೆ. ಹಬ್ಬದ ಸಡಗರದಲ್ಲಿ ನನಗೂ ಮರೆತಿತ್ತು, ಒಬ್ಬಟ್ಟು ತಿನ್ನುವ ಸಡಗರದಲ್ಲಿ ಪುಟ್ಟಸ್ವಾಮಿಯವರಿಗೂ ಮರೆತಿತ್ತು. ಕಯೋ ಬಿದಿರು ಮೆಳೆಯೊಳಗೆ ಅಡಗಿ ಓಡುವ ದೃಶ್ಯ. ಮಧ್ಯಾಹ್ನವೆಲ್ಲ ಕೆಲಸ ಮಾಡಿ ಕಳಿಸಿದ ಮೇಲೆ, ಕೇಳಿ ನೋಡಿದರೆ ಪ್ರತಿ ಮಾತಿನ ಹಿಂದೆಯೂ ನನ್ನ ಸೆರಗು. ಇಬ್ಬರೂ ಬೈಗುಳಕ್ಕೆ ಸಿದ್ಧರಾಗಿ ಕೂತೆವು. ಮುಂಬೈಯ ಮೇಡಂ ಫೋನ್ ಮಾಡಿ, ಬಿದಿರಿನೆಲೆಯ ಸದ್ದು ಬಹಳ ಚೆನ್ನಾಗಿದೆ, ಅದನ್ನು ಹೇಗೆ ಮಾಡಿದಿರಿ ಎಂದು ಕೇಳಿದರು. ಪುಟ್ಟಸ್ವಾಮಿ ಮುಖ ಗಂಟಿಕ್ಕಿಕೊಂಡೇ, "ನಮ್ಮ ಮೈಸೂರಿನದೇ ಮೇಡಂ" ಎಂದರು. ಅಲ್ಲಿಂದ ಮುಂದೆ ಕಥೆಯಲ್ಲಿ ಬಿದಿರು ಬಂದಾಗಲೆಲ್ಲ ಹಿಂದಿನ ದಿನವೇ ಫೋನು: "ಅಮ್ಮಾವ್ರೆ, ನಾಳೆ ರೇಷ್ಮೆ ಉಟ್ಕಂಡ್ ಬನ್ನಿ."

ಕೆಲಸದ ರೀತಿಯೂ ಬದಲಾಗುತ್ತಾ ಬಂತು. ಮೊದಮೊದಲು ನಾನೂ ಮುದುಕ ಸಮುರಾಯನ ಧ್ವನಿಯವರೂ ಒಂದೇ ಮೈಕಿನ ಎರಡು ಕಡೆ ನಿಂತು ಜಗಳವಾಡುತ್ತಿದ್ದೆವು. ಅವರು ಹೆಗಲು ಏರಿಸಿದರೆ ನನಗೆ ಮಾತು ತಾನಾಗಿ ಬರುತ್ತಿತ್ತು. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಯತೊಡಗಿದರು. ಕೊರೊನಾ ಬಂದಾಗ ಅದೂ ಹೋಯಿತು. ಮಲಗುವ ಕೋಣೆಯ ಗೋಡೆ ಕಪಾಟಿನಲ್ಲಿ ರಜಾಯಿ ತೂಗುಹಾಕಿ, ಅದರೊಳಗೆ ಸ್ಟೂಲ್ ಇಟ್ಟುಕೊಂಡು ಕೂಗಿದೆ. ಒಂದು ದಿನ ಬೆಲ್ ಆಯಿತು. ಪಕ್ಕದ ಮನೆಯವರು ಮಾಸ್ಕ್ ಹಾಕಿಕೊಂಡು ನಿಂತಿದ್ದರು.

"ಮೇಡಂ ಚೆನ್ನಾಗಿದಾರಾ ಸರ್? ಕೈ ಕತ್ತರಿಸ್ತೀನಿ ಅಂತ ಯಾರೋ ಕೂಗಿದ ಹಾಗಾಯ್ತು."

ಯಜಮಾನರು ಬೆಳ್ಳುಳ್ಳಿ ಸುಲಿಯುತ್ತಿದ್ದ ಎರಡೂ ಕೈಯನ್ನು ಮುಂದೆ ಚಾಚಿ ತೋರಿಸಿದರು. "ಸದ್ಯಕ್ಕೆ ಇವೆ ಸರ್."

ಬೆಟ್ಟದಂಚಿನ ಆ ಮೊದಲ ಕೂಗನ್ನು ಪುಟ್ಟಸ್ವಾಮಿ ಜೋಪಾನವಾಗಿ ಇಟ್ಟಿದ್ದರು. ಬರೀ ಅದನ್ನಲ್ಲ. ಹೊಡೆತ ಬಿದ್ದಾಗಿನ ನರಳಾಟ, ಓಡುವಾಗಿನ ಏದುಸಿರು, ಬೀಳುವಾಗಿನ ಉಸಿರು ಕಟ್ಟುವುದು, ಇವಕ್ಕೆ ನಮ್ಮಲ್ಲಿ ರಿಯಾಕ್ಷನ್ ಎನ್ನುತ್ತೇವೆ. ಗಂಟಲು ಹರಿಯುತ್ತದೆಂದು ಇವನ್ನು ದಿನದ ಕೊನೆಗೆ ಮಾಡುತ್ತೇವೆ. ನನ್ನ ಅಷ್ಟೂ ವರ್ಷಗಳ ರಿಯಾಕ್ಷನ್‌ಗಳು ಅವರ ಕಂಪ್ಯೂಟರಿನಲ್ಲಿ ಒಂದು ಕಡೆ ಕೂಡಿಬಿದ್ದಿದ್ದವು. "ನಿಮ್ ಉಸಿರೆಲ್ಲ ನನ್ ತಾವದೆ ಅಮ್ಮಾವ್ರೆ" ಎಂದು ತಮಾಷೆ ಮಾಡುತ್ತಿದ್ದರು.

ಕೊನೆಯ ಸೀಸನ್ ಬರುವ ಹೊತ್ತಿಗೆ ನನಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ಮೇಲಿನ ದನಿಯೂ ಹೋಯಿತು. ತಿಂಗಳುಗಟ್ಟಲೆ ಕಾದೆ. ಮನೆಗೆ ಬಂದ ಒಂದು ಫೋನ್ ಎತ್ತಿದಾಗ ಆ ಕಡೆಯವರು "ನಮಸ್ಕಾರ ಅಮ್ಮ" ಎಂದರು. ಅಂದೇ ನನಗೆ ಅರ್ಥವಾಯಿತು, ಕಯೋ ಇನ್ನು ನನ್ನ ಬಾಯಲ್ಲಿ ಇರಲಾರಳು.

ಪುಟ್ಟಸ್ವಾಮಿ ಸಿಂಚನ ಎಂಬ ಹುಡುಗಿಯನ್ನು ಕರೆಸಿದರು. ಅಗ್ರಹಾರದ ಓಣಿಯೊಂದರ ಹುಡುಗಿ, ಬಿ.ಎ. ಓದುತ್ತಿದ್ದಳು, ಶಾಲೆಯ ದಿನಗಳಿಂದ ಕಯೋಳನ್ನು ನೋಡಿ ಬೆಳೆದವಳು. ನನಗೆ ಅವಳನ್ನು ತಯಾರು ಮಾಡುವ ಕೆಲಸ. ಬಂದ ದಿನವೇ ಕಣ್ಣರಳಿಸಿ, "ಆಂಟಿ, ನಿಮ್ಮ ಎಲ್ಲಾ ಡೈಲಾಗೂ ನಂಗೆ ಬಾಯಿಪಾಠ" ಎಂದಳು. ಹೇಳಿಯೂ ತೋರಿಸಿದಳು. ಗಾಜಿನ ಆಚೆ ಕೂತ ನನ್ನ ಮೈ ಜುಮ್ಮೆಂದಿತು. ನನ್ನ ಧ್ವನಿ ಇನ್ನೊಬ್ಬಳ ಬಾಯಲ್ಲಿ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಸೀಸನ್ ಸಲೀಸಾಗಿ ಸಾಗಿತು.

ನಿಂತದ್ದು ಕೊನೆಯ ಸಂಚಿಕೆಯಲ್ಲಿ. ಕಯೋ ಕೋಟೆಯ ಕಂದಕದ ಈಚೆ ದಡಕ್ಕೆ ಬಂದು ನಿಲ್ಲುತ್ತಾಳೆ. ಆಚೆ ಎತ್ತರದ ಕಿಟಕಿಯಲ್ಲಿ ಒಂದು ನೆರಳು. ಅವಳು "ಅಪ್ಪಾ" ಎಂದು ಕೂಗುತ್ತಾಳೆ. ಮತ್ತೆ ಅದೇ ಒಂದು ಮಾತು.

ಸಿಂಚನ ಕೂಗಿದಳು. ಬೆಟ್ಟದಂಚಿನ ನನ್ನ ಕೂಗಿನ ಪಡಿಯಚ್ಚು. ಆದರೆ ತೆರೆಯ ಮೇಲೆ ನಿಂತ ಹುಡುಗಿಗೆ ಅದು ಅಂಟಲಿಲ್ಲ. ಮತ್ತೆ ಕೂಗಿದಳು, ಮತ್ತೂ ಅದೇ. ಮುಂಬೈಯ ಮೇಡಂ ವಿಡಿಯೋ ಕರೆಯಲ್ಲಿ ಕೂತು ಕೇಳುತ್ತಿದ್ದವರು, ಹೇಗೂ ಅನುಕರಣೆಯೇ ಆದಮೇಲೆ ಮೂಲದ್ದನ್ನೇ ಹಾಕಿಬಿಡಿ, ನಿಮ್ಮಲ್ಲಿ ಇದೆಯಲ್ಲ ಎಂದರು. ಪುಟ್ಟಸ್ವಾಮಿ ನನ್ನ ಕಡೆ ತಿರುಗಿದರು.

"ಏನ್ ಮಾಡ್ಲಿ ಅಮ್ಮಾವ್ರೆ? ಮೊದಲ್ನೇದ್ ಹಾಕ್‌ಬುಡ್ಲಾ? ಕೊನೇ ಮಾತು ನಿಮ್ದೇ ಆಯ್ತದೆ."

ಅವರಿಗೆ ನನ್ನ ಆಸೆ ಗೊತ್ತಿತ್ತು. ಕಂಪ್ಯೂಟರಿನ ಮೌಸ್ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಹೂಂ ಎಂದರೆ ಮುಗಿಯಿತು. ಕಯೋ ಅಪ್ಪನನ್ನು ಮುಟ್ಟುವಾಗ ಅವಳ ಬಾಯಲ್ಲಿ ನಾನೇ ಇರುತ್ತೇನೆ. ಒಳಗೆ ಸಿಂಚನ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ನೆಲ ನೋಡುತ್ತಿದ್ದಳು.

"ಹಾಕಿ ನೋಡೋಣ" ಎಂದೆ. ಹಾಕಿದರು. ನನ್ನ ಆ ಕೂಗು ಎಷ್ಟು ಚೆನ್ನಾಗಿತ್ತೆಂದು ಇಷ್ಟು ವರ್ಷದ ಮೇಲೆ ಕೇಳಿ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಕಣ್ಣು ಅಭ್ಯಾಸಬಲದಿಂದ ಕಯೋಳ ಕೈಗೆ ಹೋಯಿತು. ಬೆಟ್ಟದ ಅಂಚಿನಲ್ಲಿ ಅವಳ ಕೈ ಮುಂದಕ್ಕೆ ಚಾಚಿತ್ತು. ಈಗ ಕಂದಕದ ದಡದಲ್ಲಿ ಎರಡೂ ಕೈ ಸೊಂಟದ ಮೇಲಿದ್ದವು.

"ಬೇಡ ಪುಟ್ಟಸ್ವಾಮಿಯವರೆ. ಇದು 'ಹೋಗಬೇಡ' ಅನ್ನೋ ಕೂಗು. ಅವಳು ಈಗ ಹೇಳ್ತಿರೋದು 'ಬಂದಿದ್ದೀನಿ' ಅಂತ. ನನ್ನದು ಇಲ್ಲಿಗೆ ಆಗಲ್ಲ."

ಮೇಡಂ ಹತ್ತಿರ ಸಂಜೆಯವರೆಗೆ ಸಮಯ ಕೇಳಿದೆ. ಸಿಂಚನಳನ್ನು ಮಹಡಿಯ ಮೇಲಿನ ತಾರಸಿಗೆ ಕರೆದುಕೊಂಡು ಹೋದೆ, ಸೋಫಾದ ಒಂದು ದಿಂಬನ್ನೂ ಎತ್ತಿಕೊಂಡು.

"ಆಂಟಿ, ನಾನು ನಿಮ್ಮ ಥರಾನೇ ಕೂಗಿದೆ. ನೂರು ಸಲ ಕೇಳಿ ಕಲ್ತಿದ್ದು."

"ಅದೇ ಆಗಿರೋದು ಕಣಮ್ಮ. ಚಪ್ಪಲಿ ಬಿಡು. ಇದು ನಿನ್ನ ಹತ್ತಿರ ಬಂದ ತಕ್ಷಣ ನಂದು ಅಂತ ಕೂಗಬೇಕು. ಕೂಗದಿದ್ರೆ ನಾನು ಕೊಡಲ್ಲ."

ಬಟ್ಟೆ ಒಣಗಿಸುವ ಹಗ್ಗದ ಆಚೆ ಅವಳು, ಈಚೆ ನಾನು. ದಿಂಬು ಎಸೆದೆ. "ನಂದು" ಎಂದಳು, ಕಯೋಳ ದನಿಯಲ್ಲಿ. ನನ್ನ ಕಯೋಳ ದನಿಯಲ್ಲಿ.

"ಅದು ನಂದಾಯ್ತು. ನಿಂದು ಎಲ್ಲಿ?"

ಮತ್ತೆ ಎಸೆದೆ. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದವರು ನಿಂತು ನೋಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಜೋರಾಗಿ ಎಸೆಯತೊಡಗಿದೆ, ಎಡಕ್ಕೆ, ಬಲಕ್ಕೆ, ತಲೆಯ ಮೇಲಕ್ಕೆ. ಅವಳು ಓಡಿ ಓಡಿ ಏದುಸಿರು ಬಿಡತೊಡಗಿದಳು. ಏದುಸಿರಿನಲ್ಲಿ ಅನುಕರಣೆ ಮಾಡಲಾಗುವುದಿಲ್ಲ, ಅದಕ್ಕೆ ಪುರಸೊತ್ತಿರುವುದಿಲ್ಲ. ಒಂದು ಸಲ ದಿಂಬು ತಾರಸಿಯ ಕಟ್ಟೆ ದಾಟುವುದರಲ್ಲಿತ್ತು. ಅವಳು ಹಾರಿ ಹಿಡಿದು "ನಂದೂ" ಎಂದಳು. ಒರಟಾದ, ಸ್ವಲ್ಪ ಒಡಕಾದ, ತುಂಬ ಕೆಳಗಿನಿಂದ ಬಂದ ದನಿ. ನಾನು ಅದನ್ನು ಎಲ್ಲೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲವೆಂದು ಅವಳ ಮುಖವೇ ಹೇಳಿತು.

"ನಡಿ ಕೆಳಗೆ. ಉಸಿರು ಹಾಗೇ ಇರಲಿ."

ಪುಟ್ಟಸ್ವಾಮಿಯವರಿಗೆ ಹೇಳಿ ನನ್ನ ಹಳೆಯ ಕೂಗು ಅವಳ ಕಿವಿಗೆ ಬೀಳದಂತೆ ಮಾಡಿಸಿದೆ. ಅವಳು ಬರಿಗಾಲಲ್ಲಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಒಂದೇ ಟೇಕ್. ಮುಂಬೈಯ ಮೇಡಂ ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿ, ಇದು ಹೊಸದು, ಇದೇ ಇರಲಿ ಎಂದರು. ಪುಟ್ಟಸ್ವಾಮಿ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡರು. ನನ್ನ ಕೂಗಿಗೆ ಸಿಕ್ಕಿದ್ದ ಆ ಮರ್ಯಾದೆ ನಾನು ತಯಾರು ಮಾಡಿದವಳಿಗೂ ಸಿಕ್ಕಿದ್ದು, ನನಗೆ ಸಿಕ್ಕ ಮರ್ಯಾದೆಗಳಲ್ಲೇ ದೊಡ್ಡದು.

ಮನೆಯಲ್ಲಿ ಇದಕ್ಕೆ ಒಪ್ಪದವರು ಒಬ್ಬರೇ. ಕೊನೆಯ ಸೀಸನ್ನಿನ ಮೊದಲ ಮಾತು ಕೇಳಿದೊಡನೆ ಅತ್ತೆ ನನ್ನ ಕಡೆ ತಿರುಗಿದ್ದರು. ನನಗೇ ವ್ಯತ್ಯಾಸ ತಿಳಿಯದ ಧ್ವನಿ ಅದು.

"ಇದು ನೀನಲ್ಲ ಕಣವ್ವ."

"ಅಲ್ಲ ಅತ್ತೆ. ಸಿಂಚನ ಅಂತ, ಹೊಸ ಹುಡುಗಿ. ಚೆನ್ನಾಗಿ ಮಾತಾಡ್ತಾಳೆ."

"ನೀನಿಲ್ದಿದ್ ಮ್ಯಾಲೆ ನಂಗೇನದೆ ಅಲ್ಲಿ" ಎಂದು ಎದ್ದು ಕೋಣೆಗೆ ಹೋದವರು ಮತ್ತೆ ಟೀವಿ ಮುಂದೆ ಕೂರಲಿಲ್ಲ. ನಾನು ಕರೆದರೆ, ಮಂಡಿ ನೋವು ಎನ್ನುತ್ತಿದ್ದರು.

ಕೊನೆಯ ಸಂಚಿಕೆ ಬಂದ ಸಂಜೆ ಸೋಫಾದಲ್ಲಿ ನಾನು ಒಬ್ಬಳೇ ಇದ್ದೆ. ಕಯೋ ಕಂದಕದ ದಡಕ್ಕೆ ಬಂದು, ಸೊಂಟಕ್ಕೆ ಕೈ ಕೊಟ್ಟು, ಕೂಗಿದಳು. ಕೋಣೆಯೊಳಗೆ ಊರುಗೋಲು ಮಂಚಕ್ಕೆ ತಾಗಿದ ಸದ್ದಾಯಿತು. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಯಾರು ಕೂಗಿದ್ದೆಂದು ಕೇಳಲಿಲ್ಲ.

"ಸಿಕ್ಕಿದ್ನಾ ಅವ್ಳ ಅಪ್ಪ?"

"ಸಿಕ್ಕಿದ ಅತ್ತೆ."

"ಒಸಿ ಅತ್ಲಾಗ್ ಜರುಗು" ಎಂದು ನನ್ನ ಪಕ್ಕದಲ್ಲಿ ಕೂತರು.